ವಿದೇಶದಲ್ಲಿ ಸ್ವಯಂಸೇವೆ: ಅರ್ಜಿ ಹಾಕುವ ಮೊದಲು, ಕರೆದವರು ಯಾರು ಎಂದು ಕೇಳಿ

ಆಫ್ರಿಕಾದ ಯಾವುದಾದರೂ ಶಾಲೆಯಲ್ಲಿ ಪಾಠ ಮಾಡಬೇಕು, ನೇಪಾಳದ ಹಳ್ಳಿಯಲ್ಲಿ ಕೆಲಸ ಮಾಡಬೇಕು, ಯುದ್ಧ ನಡೆಯುತ್ತಿರುವ ಕಡೆ ಆಸ್ಪತ್ರೆಯಲ್ಲಿ ದುಡಿಯಬೇಕು ಎಂಬ ಆಸೆ ಇಟ್ಟುಕೊಂಡವರು ಈಗ ನಮ್ಮಲ್ಲೂ ಸಾಕಷ್ಟು ಮಂದಿ ಇದ್ದಾರೆ. ನರ್ಸಿಂಗ್ ಮುಗಿಸಿ ನಾಲ್ಕೈದು ವರ್ಷ ವಾರ್ಡಿನಲ್ಲಿ ದುಡಿದವರು, ಐಟಿ ಕೆಲಸದಿಂದ ಒಂದು ವರ್ಷ ಬಿಡುವು ಬೇಕೆನ್ನುವವರು, ನಿವೃತ್ತ ಎಂಜಿನಿಯರುಗಳು, ಡಿಗ್ರಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವ ಹುಡುಗ ಹುಡುಗಿಯರು. ಇವರೆಲ್ಲ ಮೊದಲು ಕೇಳುವುದು ಅರ್ಜಿ ಎಲ್ಲಿ ಹಾಕಬೇಕು ಎಂದು. ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ನೀವು ಬರಬೇಕೆಂದು ಅಲ್ಲಿ ಕೇಳಿಕೊಂಡವರು ಯಾರು?

ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ಈ ಕ್ಷೇತ್ರದ ಮುಕ್ಕಾಲು ಪಾಲು ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿನ ಒಂದು ಜಿಲ್ಲಾ ಆಸ್ಪತ್ರೆಯೋ ಶಿಕ್ಷಣ ಇಲಾಖೆಯೋ ತನಗೆ ಇಂಥ ಕೆಲಸಕ್ಕೆ ಇಂಥ ಅನುಭವವಿರುವ ಒಬ್ಬರು ಇಷ್ಟು ಕಾಲಕ್ಕೆ ಬೇಕು ಎಂದು ಕೇಳಿದ್ದರೆ, ನಿಮ್ಮ ವಿಮಾನದ ಟಿಕೆಟ್, ವಸತಿ, ವಿಮೆ, ಊಟದ ಖರ್ಚಿಗೆ ಯಾರೋ ಹಣ ಹೊಂದಿಸಿಯೇ ಇರುತ್ತಾರೆ. ನಿಮ್ಮ ಪ್ರಮಾಣಪತ್ರ ನೋಡುತ್ತಾರೆ, ಸಂದರ್ಶನ ಮಾಡುತ್ತಾರೆ, ಸೂಕ್ತ ಅಲ್ಲ ಎನಿಸಿದರೆ ಬೇಡ ಎನ್ನುತ್ತಾರೆ. ಯಾರೂ ಕೇಳದೆ ಇದ್ದಾಗ ಮಾತ್ರ ಲೆಕ್ಕ ತಿರುವುಮುರುವಾಗುತ್ತದೆ. ಆಗ ಹಣ ಕೊಡುವವರು ನೀವು. ಹಣ ಕೊಡುವವರನ್ನು ಬೇಡ ಎನ್ನುವ ಕಂಪನಿ ಇಲ್ಲ, ಆದ್ದರಿಂದ ನಿಮಗೆ ಆ ಕೆಲಸ ಬರುತ್ತದೆಯೇ ಎಂದೂ ಯಾರೂ ಕೇಳುವುದಿಲ್ಲ.

ನಾವು ಕರ್ನಾಟಕದವರು ಇದನ್ನು ಅರ್ಥ ಮಾಡಿಕೊಳ್ಳಲು ದೂರ ಹೋಗಬೇಕಿಲ್ಲ. ನಾವೇ ಬಹಳ ಕಾಲದಿಂದ ಇಂಥ ಅತಿಥಿಗಳನ್ನು ಬರಮಾಡಿಕೊಂಡವರು. 1960ರ ದಶಕದಲ್ಲಿ ಅಮೆರಿಕ ಸರ್ಕಾರದ ಸ್ವಯಂಸೇವಾ ಕಾರ್ಯಕ್ರಮವಾದ ಪೀಸ್ ಕೋರ್‌ನ ಯುವಕರು ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ ಬಂದಿದ್ದರು. ಕುಂದಾಪುರದ ಕಡಲತೀರದಲ್ಲಿ ಕಡಲಾಮೆ ಸಂರಕ್ಷಣೆಗೆಂದು ಯುರೋಪಿನಿಂದ ಬಂದು ನಿಂತವರಿದ್ದಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಹಾಡಿಯ ಶಾಲೆಯನ್ನು ಕಲ್ಪಿಸಿಕೊಳ್ಳಿ. ಹತ್ತೊಂಬತ್ತು ವರ್ಷದ ವಿದೇಶಿ ಹುಡುಗನೊಬ್ಬ, ಕನ್ನಡ ಗೊತ್ತಿಲ್ಲ, ಟೀಚರ್ ತರಬೇತಿ ಇಲ್ಲ, ಮೂರು ವಾರ ಪಾಠ ಮಾಡುತ್ತೇನೆ ಎಂದು ಬಂದಿದ್ದಾನೆ. ಮಕ್ಕಳಿಗೆ ಖುಷಿಯಾಗುತ್ತದೆ, ಮೇಷ್ಟ್ರು ಮಾತ್ರ ಮೂರು ವಾರ ತಮ್ಮ ಪಾಠ ನಿಲ್ಲಿಸಿ ಅವನಿಗೆ ಅನುವಾದ ಮಾಡುತ್ತಾ, ಊಟ, ನೀರು, ಬಸ್ಸು ನೋಡಿಕೊಳ್ಳುತ್ತಾ ಕಳೆಯುತ್ತಾರೆ. ಅವನು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ, ಮತ್ತೆ ಎ ಬಿ ಸಿ ಡಿ ಹಾಡಿನಿಂದಲೇ ಶುರು. ಮಲಾವಿಯಲ್ಲೋ ಕಾಂಬೋಡಿಯದಲ್ಲೋ ನೀವು ಆ ಹುಡುಗನ ಜಾಗದಲ್ಲಿರುತ್ತೀರಿ.

ಹಾಗೆಂದು ಹೊರಗಿನಿಂದ ಬಂದವರೆಲ್ಲ ಹೊರೆ ಎಂದಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯರ್ ಸೆರೆಸೋಲ್ ತನ್ನ ಕೆಲವೇ ಸಂಗಡಿಗರೊಂದಿಗೆ ಅಲ್ಲಿಗೆ ಬಂದರು. ಮೊದಲ ಮಹಾಯುದ್ಧದಲ್ಲಿ ನುಚ್ಚುನೂರಾದ, ಫ್ರಾನ್ಸಿನ ವರ್ಡನ್ ಬಳಿಯ ಹಳ್ಳಿಯಲ್ಲಿ 1920ರಲ್ಲಿ ಬೇರೆ ಬೇರೆ ದೇಶದವರನ್ನು ಸೇರಿಸಿ ಶ್ರಮದಾನ ಶಿಬಿರ ನಡೆಸಿದ್ದವರು ಅವರೇ. ಅಲ್ಲಿಂದ ಹುಟ್ಟಿದ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಇವತ್ತಿಗೂ ಇದೆ, ಭಾರತದಲ್ಲೂ ಅದರ ಶಾಖೆ ಇದೆ. ಬಿಹಾರದಲ್ಲಿ ಅವರು ಪ್ರತ್ಯೇಕ ಅಂಗಡಿ ತೆರೆಯಲಿಲ್ಲ. ರಾಜೇಂದ್ರ ಪ್ರಸಾದ್ ಮೊದಲಾದವರು ನಡೆಸುತ್ತಿದ್ದ ಪರಿಹಾರ ಕೆಲಸದೊಂದಿಗೆ ಕೈಜೋಡಿಸಿದರು. ಎಂಜಿನಿಯರ್ ಆದವರು ಊರು ಮತ್ತೆ ಕಟ್ಟುವ ಕೆಲಸಕ್ಕೇ ಬಂದಿದ್ದರು, ಮರುವರ್ಷವೂ ಬಂದರು. ಒಳ್ಳೆಯ ಸ್ವಯಂಸೇವೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಉದಾಹರಣೆಯನ್ನೇ ಕೊಡುತ್ತೇನೆ.

ಭಾರತೀಯರಿಗೆ ತೆರೆದಿರುವ ಬಾಗಿಲುಗಳು

ಹೆಸರುವಾಸಿಯಾದ ಹಲವು ಕಾರ್ಯಕ್ರಮಗಳು ನಮಗಲ್ಲ ಎನ್ನುವುದು ಮೊದಲೇ ಗೊತ್ತಿದ್ದರೆ ಸಮಯ ಉಳಿಯುತ್ತದೆ. 1961ರಲ್ಲಿ ಶುರುವಾದ ಪೀಸ್ ಕೋರ್ ಅಮೆರಿಕದ ಪ್ರಜೆಗಳಿಗೆ ಮಾತ್ರ. ಜಪಾನ್ ಸರ್ಕಾರದ ಜೈಕಾ ಕಳಿಸುವ ಸ್ವಯಂಸೇವಕರು ಜಪಾನಿನವರು. ಆಸ್ಟ್ರೇಲಿಯ ಸರ್ಕಾರದ ಕಾರ್ಯಕ್ರಮವೂ ಅಲ್ಲಿನವರಿಗೇ. ಇಂಥ ಸಂಸ್ಥೆಗಳ ಹೆಸರಿನಲ್ಲಿ ನಿಮಗೆ ಆಯ್ಕೆ ಪತ್ರ ಬಂದರೆ ಅದು ಸುಳ್ಳು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ದೊಡ್ಡ ದಾರಿ ಎಂದರೆ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ. 1970ರಲ್ಲಿ ಸಾಮಾನ್ಯ ಸಭೆಯ ನಿರ್ಣಯದಿಂದ ಹುಟ್ಟಿದ ಇದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. 18ರಿಂದ 26 ವರ್ಷದವರಿಗೆ ಯುವ ವಿಭಾಗ, 27 ದಾಟಿದ ವೃತ್ತಿ ಅನುಭವಿಗಳಿಗೆ ಪರಿಣತರ ವಿಭಾಗ ಎಂದು ಬೇರೆ ಬೇರೆ ದರ್ಜೆಗಳಿವೆ. ಆನ್‌ಲೈನಿನಲ್ಲಿ ಒಮ್ಮೆ ಪ್ರೊಫೈಲ್ ಮಾಡಿಟ್ಟುಕೊಂಡು, ಕೆಲಸಗಳ ಪ್ರಕಟಣೆ ಬಂದಂತೆಲ್ಲ ಅರ್ಜಿ ಹಾಕಬಹುದು. ಸಂಬಳ ಇಲ್ಲ, ಆದರೆ ಆ ಊರಿನ ಖರ್ಚಿಗೆ ತಕ್ಕ ಜೀವನ ಭತ್ಯೆ, ಹೋಗಿಬರುವ ಪ್ರಯಾಣ, ವೈದ್ಯಕೀಯ ವಿಮೆ ಸಿಗುತ್ತದೆ. ಅರ್ಜಿಯ ಯಾವ ಹಂತದಲ್ಲೂ ಶುಲ್ಕವಿಲ್ಲ. ವಿಶ್ವಸಂಸ್ಥೆಯ ಲಾಂಛನ ಹಾಕಿ "ಪ್ರೊಸೆಸಿಂಗ್ ಫೀ" ಕೇಳುವ ಇಮೇಲ್ ಬಂದರೆ ಉತ್ತರವನ್ನೂ ಬರೆಯಬೇಡಿ.

ವೈದ್ಯರು, ನರ್ಸುಗಳು, ಲ್ಯಾಬ್ ತಂತ್ರಜ್ಞರು ಸಾಮಾನ್ಯವಾಗಿ ನೋಡುವುದು ಎಂಎಸ್‌ಎಫ್ ಕಡೆಗೆ, ಅಂದರೆ ಮೆದ್ಸಾಂ ಸಾಂ ಫ್ರಾಂತಿಯೇರ್ (ಗಡಿಗಳಿಲ್ಲದ ವೈದ್ಯರು). 1971ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಸಂಸ್ಥೆ. ದೆಹಲಿಯಲ್ಲಿ ಕಚೇರಿ ಇದೆ. ಇವರು ಈಗ ಸ್ವಯಂಸೇವಕ ಎನ್ನುವುದಕ್ಕಿಂತ ನೌಕರಿಯ ರೀತಿಯಲ್ಲೇ ತೆಗೆದುಕೊಳ್ಳುತ್ತಾರೆ, ಸಾಧಾರಣ ಸಂಬಳವೂ ಇದೆ. ವೈದ್ಯಕೀಯದವರಷ್ಟೇ ಬೇಕು ಎಂಬುದು ತಪ್ಪು ತಿಳಿವಳಿಕೆ. ನೀರು ಸರಬರಾಜು ನೋಡಿಕೊಳ್ಳುವವರು, ಸಾಮಗ್ರಿ ಸಾಗಣೆಯವರು, ಲೆಕ್ಕಪತ್ರದವರೂ ಅವರಿಗೆ ಬೇಕು. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರಾದರೆ ಕೆಲವು ವಾರಗಳಿಗೂ ಕರೆಯುತ್ತಾರೆ. ಮಿಕ್ಕವರು ತಿಂಗಳುಗಟ್ಟಲೆ, ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳು, ಇರಲು ಸಿದ್ಧರಿರಬೇಕು.

1958ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಸ್ವಯಂಸೇವಾ ಸಂಸ್ಥೆ ವಿಎಸ್‌ಒ ಕಥೆ ಗಮನಿಸುವಂಥದ್ದು. ಮೊದಲು ಅವರು ಕಳಿಸಿದ್ದು ಶಾಲೆ ಮುಗಿಸಿದ ಹದಿನೆಂಟರ ಹುಡುಗರನ್ನು. ಕಾಲ ಕಳೆದಂತೆ ಅತಿಥೇಯ ದೇಶಗಳು ಹುಡುಗರು ಬೇಡ, ಕೆಲಸ ಗೊತ್ತಿರುವವರು ಬೇಕು ಎಂದವು. ಸಂಸ್ಥೆ ಅನುಭವಿ ಶಿಕ್ಷಕರು, ನರ್ಸುಗಳ ಕಡೆ ಹೊರಳಿತು. ಈಗ ಅದರ ಸ್ವಯಂಸೇವಕರಲ್ಲಿ ಹೆಚ್ಚಿನವರು ಆಯಾ ದೇಶದವರೇ. ಅರವತ್ತು ವರ್ಷದ ಅನುಭವವಿರುವ ಸಂಸ್ಥೆಯೇ ಹೊರಗಿನವರನ್ನು ಕಡಿಮೆ ಮಾಡಿ ಒಳಗಿನವರನ್ನು ಹೆಚ್ಚು ಮಾಡಿಕೊಂಡಿದೆ ಎಂದರೆ, ಹೊರಗಿನಿಂದ ಹೋಗುವವರು ಅಲ್ಲಿ ಸಿಗದ ಏನನ್ನಾದರೂ ಒಯ್ಯಲೇಬೇಕು.

ಕಡಿಮೆ ವಯಸ್ಸಿನವರಿಗೆ ಜರ್ಮನಿ ಇನ್ನೊಂದು ದಾರಿ. ಅಲ್ಲಿ 27 ವರ್ಷದೊಳಗಿನವರಿಗೆ ಎಫ್‌ಎಸ್‌ಜೆ ಎಂಬ ಸಾಮಾಜಿಕ ಸೇವಾ ವರ್ಷ ಇದೆ. ಕಡ್ಡಾಯ ಸೈನಿಕ ಸೇವೆ ನಿಲ್ಲಿಸಿದಾಗ, 2011ರಲ್ಲಿ, ಬಿಎಫ್‌ಡಿ ಎಂಬ ಒಕ್ಕೂಟ ಸೇವೆಯನ್ನೂ ತಂದರು. ವೃದ್ಧಾಶ್ರಮ, ವಿಕಲಚೇತನರ ಮನೆ, ಆಸ್ಪತ್ರೆ, ಶಿಶುವಿಹಾರ ಇಂಥ ಕಡೆ ಸಾಮಾನ್ಯವಾಗಿ ಒಂದು ವರ್ಷ ಕೆಲಸ. ಕೈಖರ್ಚಿಗೆ ತಿಂಗಳಿಗೆ ಕೆಲವು ನೂರು ಯೂರೋ, ಸಾಮಾಜಿಕ ವಿಮೆ, ಹಲವು ಕಡೆ ವಸತಿ ಊಟ, ವರ್ಷಕ್ಕೆ 25 ದಿನ ತರಬೇತಿ. ವಿದೇಶಿಯರಿಗೂ ಅವಕಾಶವಿದೆ. ಆದರೆ ಬಡವರಿಗೆ ನೆರವಾಗಲು ಹೋಗುತ್ತೇವೆ ಎಂಬ ಚಿತ್ರ ಇಲ್ಲಿಲ್ಲ. ಶ್ರೀಮಂತ ದೇಶದ ಅಜ್ಜಿಯೊಬ್ಬರಿಗೆ ಬೆಳಿಗ್ಗೆ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ತಿಂಡಿ ತಿನ್ನಿಸುವ ಕೆಲಸ. ಜರ್ಮನ್ ಭಾಷೆ ಬಾರದೆ ಅದಾಗದು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಭಾಷೆ ಕಲಿಯಬಹುದು. ಈ ದಾರಿಯಲ್ಲಿ ಏಜೆಂಟರ ಕಾಟ ಹೆಚ್ಚು. ಲಕ್ಷಗಟ್ಟಲೆ ಕೇಳಿ, ಮುಂದೆ ಅಲ್ಲೇ ಕೆಲಸ ಗ್ಯಾರಂಟಿ ಎನ್ನುತ್ತಾರೆ. ಸೇವಾ ವರ್ಷಕ್ಕೆ ಕೊಡುವ ಅನುಮತಿ ಸೇವಾ ವರ್ಷಕ್ಕಷ್ಟೇ. ಅಲ್ಲಿನ ಸಂಸ್ಥೆಗೆ ನೇರವಾಗಿ ಪತ್ರ ಬರೆದರೆ ಬಹಳಷ್ಟು ಕೆಲಸ ಏಜೆಂಟರಿಲ್ಲದೆಯೇ ಆಗುತ್ತದೆ.

ಅನಾಥಾಲಯಕ್ಕೆ ಮಾತ್ರ ಹೋಗಬೇಡಿ

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಸಿಕ್ಕಿಬೀಳುವ ಜಾಗ ಇದು.

ಕಾಂಬೋಡಿಯದಲ್ಲಿ ಯುದ್ಧ ಮುಗಿದು, ದೇಶ ಚೇತರಿಸಿಕೊಂಡು, ಬಡತನ ಇಳಿಯುತ್ತಿದ್ದ ಕಾಲದಲ್ಲಿ ಅನಾಥಾಲಯಗಳು ಹೆಚ್ಚುತ್ತಾ ಹೋದವು. 2005ರಿಂದ 2010ರ ನಡುವೆ ಅವುಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಅನಾಥ ಮಕ್ಕಳು ಹೆಚ್ಚಾಗಿರಲಿಲ್ಲ. ಹೆಚ್ಚಿದ್ದು ಪ್ರವಾಸಿಗರು. ಆ ಮನೆಗಳಲ್ಲಿದ್ದ ಮಕ್ಕಳಲ್ಲಿ ಬಹುಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದರು. ಮಕ್ಕಳೊಂದಿಗೆ ಆಡಲು, ಇಂಗ್ಲಿಷ್ ಕಲಿಸಲು ಹಣ ಕೊಟ್ಟು ಬರುವವರು ಇದ್ದುದರಿಂದ, ಅವರಿಗಾಗಿ ಮಕ್ಕಳನ್ನು ತರುವ ವ್ಯವಹಾರ ಬೆಳೆಯಿತು. ನೇಪಾಳದಲ್ಲಿ ಆದದ್ದೂ ಇದೇ. ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಗೆ ದಲ್ಲಾಳಿಗಳು ಹೋಗಿ, ಪಟ್ಟಣದಲ್ಲಿ ಒಳ್ಳೆ ಶಾಲೆಗೆ ಸೇರಿಸುತ್ತೇವೆ ಎಂದು ತಂದೆತಾಯಿಯರನ್ನು ನಂಬಿಸಿ, ಅವರಿಂದಲೇ ಹಣ ಪಡೆದು ಮಕ್ಕಳನ್ನು ಕರೆತಂದರು. ಅಲ್ಲಿನ ಮಕ್ಕಳ ಮನೆಗಳು ಹೆಚ್ಚಾಗಿ ಇರುವುದು ಕಠ್ಮಂಡು ಕಣಿವೆ, ಪೋಖರಾ, ಚಿತ್ವನ್ ಕಡೆ. ನಕ್ಷೆ ತೆಗೆದು ನೋಡಿದರೆ ಅವು ಪ್ರವಾಸಿಗರು ಹೋಗುವ ಊರುಗಳೇ.

ಮಗುವಿನ ಕಡೆಯಿಂದ ನೋಡಿ. ಮನೆ ಬಿಟ್ಟು ಬಂದ ಆರು ವರ್ಷದ ಮಗುವಿಗೆ ಪ್ರತಿ ಹದಿನೈದು ದಿನಕ್ಕೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದು ಮಾಡಿ, ಫೋಟೋ ತೆಗೆದುಕೊಂಡು, ಅತ್ತು ಹೊರಟುಹೋಗುತ್ತಾರೆ. ಹೊಸಬರು ಬಂದ ತಕ್ಷಣ ಓಡಿ ಬಂದು ಸೊಂಟಕ್ಕೆ ತಬ್ಬಿಕೊಳ್ಳುವ ಮಕ್ಕಳನ್ನು ನೋಡಿ ಸ್ವಯಂಸೇವಕರು ಕರಗುತ್ತಾರೆ. ಗುರುತು ಪರಿಚಯವಿಲ್ಲದ ಯಾರನ್ನಾದರೂ ಹಾಗೆ ತಬ್ಬಿಕೊಳ್ಳುವುದು ಪ್ರೀತಿಯ ಲಕ್ಷಣವಲ್ಲ, ನೆಚ್ಚಿಕೊಳ್ಳಲು ಒಬ್ಬರೂ ಇಲ್ಲದ ಮಗುವಿನ ಲಕ್ಷಣ ಎಂದು ಮಕ್ಕಳ ಮನಶ್ಶಾಸ್ತ್ರ ತಿಳಿದವರು ಹೇಳುತ್ತಾರೆ. ಇನ್ನು ಪೊಲೀಸ್ ಪರಿಶೀಲನೆಯೂ ಇಲ್ಲದೆ ಯಾರನ್ನು ಬೇಕಾದರೂ ಮಕ್ಕಳ ಕೋಣೆಗೆ ಬಿಡುವ ಜಾಗದಲ್ಲಿ ಯಾರು ಯಾರು ಬರಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಆಸ್ಟ್ರೇಲಿಯ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧ ಕಾಯ್ದೆ ತಂದಾಗ ಅನಾಥಾಲಯಗಳಿಗಾಗಿ ಮಕ್ಕಳನ್ನು ಸಾಗಿಸುವುದನ್ನೂ ಆ ಗುಲಾಮಗಿರಿಯ ಒಂದು ರೂಪವೆಂದು ಪರಿಗಣಿಸಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಕೂಡ ಇಂಥ ಸ್ವಯಂಸೇವಾ ಪ್ರವಾಸದಿಂದ ಮಕ್ಕಳಿಗಾಗುವ ಕೇಡನ್ನು ತನ್ನ ನಿರ್ಣಯದಲ್ಲಿ ಎತ್ತಿತು. ಮಕ್ಕಳಿಗೆ ನೆರವಾಗಲೇಬೇಕೆಂದರೆ, ಮಕ್ಕಳು ಮನೆಯಲ್ಲೇ ಉಳಿಯುವಂತೆ ಕುಟುಂಬಕ್ಕೆ ಆಸರೆಯಾಗುವ ಸಂಸ್ಥೆಗಳಿಗೆ ಹಣ ಕೊಡಿ. ಟಿಕೆಟ್ಟಿಗೆ ಹಾಕುವ ಹಣದಲ್ಲೇ ಅದು ಆಗುತ್ತದೆ.

ಕೆಲಸದ ಪ್ರಕಟಣೆಯನ್ನು ಓದುವುದು ಹೇಗೆ

ಒಳ್ಳೆಯ ಪ್ರಕಟಣೆಯಲ್ಲಿ ಕೆಲಸ ಮಾಡುವ ಜಾಗದ ಹೆಸರು, ಯಾರ ಕೈಕೆಳಗೆ, ಯಾರ ಜೊತೆಗೆ, ಎಷ್ಟು ಕಾಲ, ಕೊನೆಗೆ ಏನು ಆಗಿರಬೇಕು ಎಂಬುದೆಲ್ಲ ಇರುತ್ತದೆ. ಕೆಟ್ಟ ಪ್ರಕಟಣೆಯಲ್ಲಿ ನಗುತ್ತಿರುವ ಮಕ್ಕಳ ಫೋಟೋ ಇರುತ್ತದೆ, ವಾರಾಂತ್ಯದ ಸಫಾರಿ ಇರುತ್ತದೆ, "ಯಾವ ಅನುಭವವೂ ಬೇಕಿಲ್ಲ" ಎಂದಿರುತ್ತದೆ. ನಿಮ್ಮ ಊರಿನಲ್ಲಿ ನಿಮಗೆ ಮಾಡಲು ಬಿಡದ ಕೆಲಸವನ್ನು ಬೇರೆ ದೇಶದಲ್ಲಿ ಮಾಡಲು ಬಿಡುತ್ತೇವೆ ಎಂದರೆ ಅದು ಆ ದೇಶದವರಿಗೆ ಮಾಡುವ ಅವಮಾನ. ಎಂಬಿಬಿಎಸ್ ಎರಡನೆಯ ವರ್ಷದ ಹುಡುಗಿ ಬೆಂಗಳೂರಿನಲ್ಲಿ ಹೊಲಿಗೆ ಹಾಕುವಂತಿಲ್ಲವಾದರೆ ತಾಂಜಾನಿಯದಲ್ಲೂ ಹಾಕುವಂತಿಲ್ಲ.

"ಜೊತೆಗೆ" ಎಂಬ ಕಲಂ ನೋಡಲು ಮರೆಯಬೇಡಿ. ಈ ಕ್ಷೇತ್ರದಲ್ಲಿ ಅವರನ್ನು ಕೌಂಟರ್‌ಪಾರ್ಟ್ ಎನ್ನುತ್ತಾರೆ, ಅಂದರೆ ನೀವು ಹೋದ ಮೇಲೂ ಆ ಕೆಲಸದಲ್ಲೇ ಉಳಿಯುವ ಅಲ್ಲಿನ ಸಹೋದ್ಯೋಗಿ. ಆ ಜಾಗ ಖಾಲಿ ಇದ್ದರೆ ನೀವು ಕಟ್ಟಿದ್ದೆಲ್ಲ ನಿಮ್ಮ ಹಿಂದೆಯೇ ಬಿದ್ದುಹೋಗುತ್ತದೆ.

ಅದು ಹೇಗೆಂದು ಒಂದು ಹೆರಿಗೆ ವಾರ್ಡಿನೊಳಗೆ ಹೋಗಿ ನೋಡೋಣ. ಪೂರ್ವ ಆಫ್ರಿಕಾದ ಒಂದು ಜಿಲ್ಲಾ ಆಸ್ಪತ್ರೆ ಎಂದಿಟ್ಟುಕೊಳ್ಳಿ. ಹುಟ್ಟಿದ ಮಗು ಉಸಿರಾಡದಿದ್ದರೆ ಮೊದಲ ಒಂದು ನಿಮಿಷದೊಳಗೆ, ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗಿನಿಂದ ಉಸಿರು ಕೊಡಬೇಕು. ಇದನ್ನು ಕಲಿಸಲೆಂದೇ ಕರ್ನಾಟಕದ ಒಬ್ಬ ಸ್ಟಾಫ್ ನರ್ಸ್ ಹೋಗಿದ್ದಾರೆ. ಮೊದಲ ವಾರವೇ ಅಂಥ ಮಗು ಹುಟ್ಟುತ್ತದೆ. ಅವರು ಮುನ್ನುಗ್ಗಿ ತಾವೇ ಬ್ಯಾಗ್ ಹಿಡಿದು ಮಗುವನ್ನು ಉಳಿಸಬಹುದು, ಉಳಿಸಲೂಬೇಕು. ಆದರೆ ಆರು ತಿಂಗಳು ಪ್ರತಿ ಸಲವೂ ಅವರೇ ಮುನ್ನುಗ್ಗಿದರೆ, ಅವರ ವಿಮಾನ ಹೊರಟ ಮರುದಿನ ವಾರ್ಡು ಮೊದಲಿನಂತೆಯೇ ಇರುತ್ತದೆ. ಅನುಭವಿಯಾದವರು ಬೇರೆ ಕೆಲಸ ಮಾಡುತ್ತಾರೆ. ಅಲ್ಲಿನ ಸೂಲಗಿತ್ತಿ ನರ್ಸುಗಳ ಜೊತೆ ರಾತ್ರಿ ಪಾಳಿಯಲ್ಲಿ ಕೂತು ನೋಡುತ್ತಾರೆ. ನೋಡಿದರೆ, ಅವರಿಗೆ ಬ್ಯಾಗ್ ಹಿಡಿಯುವುದು ಚೆನ್ನಾಗಿಯೇ ಗೊತ್ತು. ಬ್ಯಾಗು ಬೀರುವಿನಲ್ಲಿದೆ, ಬೀರುವಿಗೆ ಬೀಗ, ಬೀಗದ ಕೈ ವಾರ್ಡ್ ಇನ್‌ಚಾರ್ಜ್ ಬಳಿ, ಇನ್‌ಚಾರ್ಜ್ ರಾತ್ರಿ ಮನೆಯಲ್ಲಿ. ಬ್ಯಾಗು ಕಳೆದುಹೋದರೆ ಸ್ಟಾಕ್ ರಿಜಿಸ್ಟರ್ ಪ್ರಕಾರ ಅವರು ಕೈಯಿಂದ ಕಟ್ಟಿಕೊಡಬೇಕು, ಅದಕ್ಕೇ ಬೀಗ. ಈಗ ಮಾಡಬೇಕಾದ್ದು ತರಬೇತಿಯಲ್ಲ. ಇನ್‌ಚಾರ್ಜ್ ಮತ್ತು ಮೇಲಧಿಕಾರಿಯ ಜೊತೆ ಕೂತು, ಬ್ಯಾಗು ಹೆರಿಗೆ ಮೇಜಿನ ಪಕ್ಕದಲ್ಲೇ ತೂಗುಹಾಕಿರಲು, ಪಾಳಿ ಬದಲಾಗುವಾಗ ಎಣಿಸಿ ಸಹಿ ಹಾಕಲು, ಕಳೆದರೆ ಒಬ್ಬರ ತಲೆಗೆ ಬಾರದಂತೆ ಮಾಡಲು ಒಪ್ಪಿಸುವುದು. ಇದಕ್ಕೆ ತಿಂಗಳುಗಳು ಹಿಡಿಯುತ್ತವೆ, ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದವರಿಗೆ ಈ ಬೀಗ, ಈ ರಿಜಿಸ್ಟರು ಚೆನ್ನಾಗಿ ಗೊತ್ತು. ಭಾರತದಿಂದ ಹೋಗುವವರ ನಿಜವಾದ ಬಂಡವಾಳ ಇದೇ ಎಂದು ನನಗನಿಸುತ್ತದೆ. ಕರೆಂಟು ಹೋದಾಗ, ಔಷಧಿ ಇಂಡೆಂಟ್ ಬಾರದಿದ್ದಾಗ ಕೆಲಸ ಹೇಗೆ ನಡೆಸಬೇಕೆಂದು ನಾವು ಇಲ್ಲೇ ಕಲಿತಿರುತ್ತೇವೆ.

ಅರ್ಜಿ ಮುಂದುವರಿದ ಮೇಲೆ ಸಂಸ್ಥೆಯನ್ನು ಎರಡು ಸಂಪರ್ಕ ಕೇಳಿ: ಅದೇ ಜಾಗದಲ್ಲಿ ಮುಂಚೆ ಇದ್ದ ಒಬ್ಬ ಸ್ವಯಂಸೇವಕರದ್ದು, ಅಲ್ಲಿನ ಒಬ್ಬ ಸಹೋದ್ಯೋಗಿಯದ್ದು. ಹಿಂದಿನವರನ್ನು ನೀವು ಯಾಕೆ ಬಿಟ್ಟಿರಿ, ಕಾಯಿಲೆ ಬಿದ್ದಾಗ ಯಾರು ಬಂದರು, ಹಣ ಸಮಯಕ್ಕೆ ಬಂತೇ ಎಂದು ಕೇಳಿ. ಅಲ್ಲಿನವರನ್ನು ಹಿಂದಿನವರು ಹೋದ ಮೇಲೆ ಏನು ಉಳಿಯಿತು ಎಂದು ಕೇಳಿ. ಸಂಪರ್ಕ ಕೊಡಲು ಹಿಂಜರಿಯುವ ಸಂಸ್ಥೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಹಾಗೆಯೇ ಅವರು ನಿಮ್ಮ ಬಗ್ಗೆ ಎಷ್ಟು ವಿಚಾರಿಸುತ್ತಾರೆ ಎಂದೂ ಗಮನಿಸಿ. ಹೈಟಿಯಲ್ಲಿ ಬ್ರಿಟನ್ನಿನ ನೆರವು ಸಂಸ್ಥೆ ಆಕ್ಸ್‌ಫ್ಯಾಮ್ ಸಿಬ್ಬಂದಿಯ ದುರ್ನಡತೆ 2018ರಲ್ಲಿ ಬಯಲಾದ ಮೇಲೆ ಒಳ್ಳೆಯ ಸಂಸ್ಥೆಗಳು ಹಿಂದಿನ ಮಾಲೀಕರಿಗೆ ಪತ್ರ ಬರೆದು ವಿಚಾರಿಸುತ್ತವೆ, ಪೊಲೀಸ್ ಪ್ರಮಾಣಪತ್ರ ಕೇಳುತ್ತವೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಿ ಅದನ್ನು ಪಡೆಯಬಹುದು. ಇಷ್ಟೆಲ್ಲ ಕೇಳುತ್ತಾರಲ್ಲ ಎಂದು ಬೇಸರಪಡಬೇಡಿ.

ವೀಸಾ, ಕಾಗದಪತ್ರ

ಸಂಬಳವಿಲ್ಲದಿದ್ದರೂ ಕೆಲಸ ಕೆಲಸವೇ ಎನ್ನುವುದು ಬಹುತೇಕ ದೇಶಗಳ ವಲಸೆ ಕಾನೂನು. ಪ್ರವಾಸಿ ವೀಸಾದಲ್ಲಿ ಬನ್ನಿ, ಇಲ್ಲಿ ನೋಡಿಕೊಳ್ಳೋಣ ಎನ್ನುವ ಸಂಸ್ಥೆ ನಿಮ್ಮನ್ನು ಕಾನೂನಿನ ಹೊರಗೆ ನಿಲ್ಲಿಸುತ್ತಿದೆ. ತೋಟದಲ್ಲಿ ಕೆಲಸ ಮಾಡಿ ಊಟ ವಸತಿ ಪಡೆಯುವ ವೂಫ್‌ನಂಥ ವ್ಯವಸ್ಥೆಗಳಲ್ಲೂ ಇದೇ ತೊಡಕು, ಊಟ ವಸತಿಯನ್ನೇ ಕೂಲಿ ಎಂದು ಲೆಕ್ಕ ಹಾಕುವ ದೇಶಗಳಿವೆ. ಬ್ರಿಟನ್ ಸಂದರ್ಶಕ ವೀಸಾದಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಯಲ್ಲಿ ಗರಿಷ್ಠ 30 ದಿನ ಸೇವೆಗೆ ಅವಕಾಶ ಕೊಡುತ್ತದೆ. ಅದಕ್ಕಿಂತ ಹೆಚ್ಚಾದರೆ, 12 ತಿಂಗಳವರೆಗಿನ ಚಾರಿಟಿ ವರ್ಕರ್ ವೀಸಾ ಬೇಕು. ಅದಕ್ಕೆ ಅಲ್ಲಿನ ಸಂಸ್ಥೆ ಪ್ರಾಯೋಜಕ ಪತ್ರ ಕೊಡಬೇಕು. ನಿಮ್ಮನ್ನು ನಿಜವಾಗಿ ಕರೆಯುತ್ತಿರುವ ಸಂಸ್ಥೆಗೆ ಅಂಥ ಪತ್ರ ಕೊಡುವುದು ಕಷ್ಟವಾಗುವುದಿಲ್ಲ. ಡಿಗ್ರಿ, ನರ್ಸಿಂಗ್ ನೋಂದಣಿ ಮುಂತಾದ ಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ಒಪ್ಪುವ ದೃಢೀಕರಣ ಮುದ್ರೆ, ಬೇಕಾಗಬಹುದು. ಅದಕ್ಕೆ ಮುಂಚೆ ರಾಜ್ಯಮಟ್ಟದ ದೃಢೀಕರಣವೂ ಆಗಬೇಕಾಗುವುದರಿಂದ ವಾರಗಟ್ಟಲೆ ಸಮಯ ಇಟ್ಟುಕೊಳ್ಳಿ.

ಇದಕ್ಕಿಂತ ಗಂಭೀರವಾದ ಮಾತು ಒಂದಿದೆ. ವಿದೇಶದ ಕೆಲಸ ಎಂದು ಥಾಯ್ಲೆಂಡಿಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆಯ ಸೈಬರ್ ವಂಚನೆ ಕೇಂದ್ರಗಳಲ್ಲಿ ಭಾರತೀಯರನ್ನು ಕೂಡಿಹಾಕಿದ ಪ್ರಕರಣಗಳು ನಡೆದಿವೆ. ಕಾಂಬೋಡಿಯ, ಲಾವೋಸಿನಲ್ಲೂ ಆಗಿದೆ. ಯಾವುದೇ ಏಜೆಂಟ್ ಮೂಲಕ ಹೋಗುವುದಾದರೆ, ಅವರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ನೋಂದಾಯಿತರ ಪಟ್ಟಿಯಲ್ಲಿ ಇದ್ದಾರೆಯೇ ನೋಡಿ. ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಗೆ ಸಂಸ್ಥೆಯ ಹೆಸರು ಬರೆದು ಒಂದು ಇಮೇಲ್ ಹಾಕಿ. ತಲುಪಿದ ಮೇಲೆ ನಿಮ್ಮ ಪಾಸ್‌ಪೋರ್ಟನ್ನು ಬೇರೆಯವರ ಕೈಯಲ್ಲಿ ಬಿಡಬೇಡಿ. ತೊಂದರೆಯಾದಾಗ ದೂರು ಕೊಡಲು ವಿದೇಶಾಂಗ ಸಚಿವಾಲಯದ ಮದದ್ ಎಂಬ ಪೋರ್ಟಲ್ ಇದೆ, ಅದರ ವಿಳಾಸ ಮನೆಯವರಿಗೂ ಗೊತ್ತಿರಲಿ.

ಹಣ ಮತ್ತು ಮನೆ

ಭತ್ಯೆ ಎನ್ನುವುದು ಅಲ್ಲಿ ಸರಳವಾಗಿ ಬದುಕಲು ಸಾಲುವಷ್ಟು ಮಾತ್ರ, ಊರಿಗೆ ಕಳಿಸಲು ಅಲ್ಲ. ಮಗ ಫಾರಿನ್‌ಗೆ ಹೋದ ಎಂದು ನೆಂಟರಿಷ್ಟರಲ್ಲಿ ಸುದ್ದಿಯಾಗುವ ಮೊದಲೇ ಮನೆಯಲ್ಲಿ ಇದನ್ನು ಬಿಡಿಸಿ ಹೇಳಬೇಕು. ಮನೆ ಸಾಲದ ಇಎಂಐ, ಅಪ್ಪ ಅಮ್ಮನ ಔಷಧಿ ಖರ್ಚು, ತಂಗಿಯ ಫೀಸು ನಿಮ್ಮ ಸಂಬಳದ ಮೇಲೆ ನಿಂತಿದ್ದರೆ, ಸದ್ಯಕ್ಕೆ ಹೋಗಬೇಡಿ. ಇದರಲ್ಲಿ ಅಪರಾಧಿ ಭಾವ ಬೇಕಿಲ್ಲ, ಐವತ್ತೈದು ದಾಟಿದ ಮೇಲೆ ಹೋಗಿ ತುಂಬ ಉಪಯೋಗಕ್ಕೆ ಬಂದವರಿದ್ದಾರೆ. ಸರ್ಕಾರಿ ನೌಕರಿಯಲ್ಲಿರುವವರು ರಜೆ, ಅನುಮತಿ, ಸೇವಾ ಹಿರಿತನದ ವಿಷಯವನ್ನು ಲಿಖಿತವಾಗಿ ಬಗೆಹರಿಸಿಕೊಂಡೇ ಟಿಕೆಟ್ ತೆಗೆಯಲಿ. ಖಾಸಗಿಯವರು ಬಾಯಿಮಾತಿನ "ಬಂದ ಮೇಲೆ ನೋಡೋಣ" ಎಂಬುದನ್ನು ನಂಬಿಕೊಂಡು ಹೊರಡಬೇಡಿ.

ಭಾಷೆಗೆ ಹೊರಡುವ ಮೊದಲೇ ಮೂರು ತಿಂಗಳು ಕೊಡಿ. ಕೀನ್ಯಾ, ತಾಂಜಾನಿಯಕ್ಕೆ ಸ್ವಾಹಿಲಿ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ದೇಶಗಳಲ್ಲಿ ಫ್ರೆಂಚ್ ಇಲ್ಲದೆ ಕಚೇರಿ ಕೆಲಸವೇ ನಡೆಯುವುದಿಲ್ಲ. ಬೆಂಗಳೂರಿನ ಅಲಯನ್ಸ್ ಫ್ರಾನ್ಸೇಸ್‌ನಲ್ಲಿ ಅದನ್ನು ಕಲಿಯಬಹುದು, ಫ್ರೆಂಚ್ ಬಲ್ಲ ಭಾರತೀಯ ನರ್ಸಿಗೆ ಎಂಎಸ್‌ಎಫ್‌ನಂಥ ಕಡೆ ಅವಕಾಶ ಬಹಳ ಹೆಚ್ಚು. ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಭಯ ಇರುತ್ತದೆ. ಕೀನ್ಯಾದ ಉಗಾಲಿ, ಮಲಾವಿಯ ನ್ಸೀಮಾ ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡಿದ ನಮ್ಮ ಮುದ್ದೆಯ ಹಾಗೇ, ಜೊತೆಗೆ ಹುರುಳಿಕಾಯಿ ಬೀಜದ ಸಾರು, ಸೊಪ್ಪಿನ ಪಲ್ಯ ಸಿಗುತ್ತದೆ. ಅಂದ ಹಾಗೆ, ನಮ್ಮ ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ಸೀಮೆಯೇ. ಸಣ್ಣ ಒಣಮೀನು ಕಾಣದಂತೆ ಸಾರಿಗೆ ಸೇರಿರುವುದುಂಟು, ಕಟ್ಟುನಿಟ್ಟಿನವರು ತಾವೇ ಅಡುಗೆ ಮಾಡಿಕೊಳ್ಳುವ ವಸತಿ ಇದೆಯೇ ಎಂದು ಮೊದಲೇ ಕೇಳಬೇಕು.

ಆರೋಗ್ಯ

ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಕಾರ ಮಾನ್ಯತೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ, ಹಾಕಿಸಿಕೊಂಡ 10 ದಿನದ ನಂತರವೇ ಪ್ರಮಾಣಪತ್ರ ಊರ್ಜಿತ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ. ಅಲ್ಲಿ ಕೇಳುತ್ತಾರೋ ಇಲ್ಲವೋ, ಆ ದೇಶಗಳಿಂದ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ, ಇಲ್ಲದಿದ್ದರೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದವರು ಮಲೇರಿಯಾ ನಮಗೆ ಹೊಸದೇನಲ್ಲ ಎಂದು ಹಗುರವಾಗಿ ನೋಡುತ್ತಾರೆ. ಸಹಾರಾದ ದಕ್ಷಿಣಕ್ಕೆ ಇರುವುದು ಹೆಚ್ಚಾಗಿ ಫಾಲ್ಸಿಪ್ಯಾರಮ್, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯುವ ಬಗೆ. ಬೆಂಗಳೂರಿನಲ್ಲಿ ಬೆಳೆದವರಿಗೆ ಅದರ ವಿರುದ್ಧ ಯಾವ ರಕ್ಷಣೆಯೂ ಇರುವುದಿಲ್ಲ. ತಡೆಗಟ್ಟುವ ಮಾತ್ರೆಯನ್ನು ವೈದ್ಯರು ಹೇಳಿದಷ್ಟು ಕಾಲ ತಪ್ಪದೆ ತೆಗೆದುಕೊಳ್ಳಿ. ಆಸ್ಪತ್ರೆ ಕೆಲಸಕ್ಕೆ ಹೋಗುವವರು, ಸೂಜಿ ಚುಚ್ಚಿದರೆ ಎಚ್‌ಐವಿ ತಡೆಗೆ 72 ಗಂಟೆಯೊಳಗೆ ಶುರು ಮಾಡಬೇಕಾದ 28 ದಿನಗಳ ಔಷಧಿ ಅಲ್ಲಿ ಎಲ್ಲಿ ಸಿಗುತ್ತದೆ ಎಂದು ಮೊದಲ ದಿನವೇ ತಿಳಿದುಕೊಳ್ಳಬೇಕು. ವಿಮೆಯಲ್ಲಿ ತುರ್ತಾಗಿ ಬೇರೆ ದೇಶಕ್ಕೆ ಸಾಗಿಸುವ ಖರ್ಚು ಸೇರಿದೆಯೇ ನೋಡಿ.

ಕಾಡುಪ್ರಾಣಿ, ಗಲಭೆಗಳಿಗಿಂತ ದಿನನಿತ್ಯದ ಅಪಾಯ ರಸ್ತೆಯದ್ದು. ಉಗಾಂಡ, ಕೀನ್ಯಾದ ಬೋಡಾಬೋಡಾ ಬೈಕ್ ಟ್ಯಾಕ್ಸಿಗಳು ಅಗ್ಗ, ಎಲ್ಲ ಕಡೆ ಸಿಗುತ್ತವೆ. ಪೀಸ್ ಕೋರ್ ತನ್ನವರಿಗೆ ಹೆಚ್ಚಿನ ಕಡೆ ಮೋಟಾರ್ ಬೈಕ್ ಹತ್ತುವುದನ್ನೇ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಹೆಲ್ಮೆಟ್ ಇಲ್ಲಿಂದಲೇ ಒಯ್ಯಿರಿ.

ಇಷ್ಟೆಲ್ಲ ಓದಿದ ಮೇಲೆ ಒಂದು ವರ್ಷ ಬಿಟ್ಟು ಹೋಗುವ ಸ್ಥಿತಿ ಇಲ್ಲ ಎನಿಸಿದವರು, ವಿಶ್ವಸಂಸ್ಥೆಯ ಆನ್‌ಲೈನ್ ಸ್ವಯಂಸೇವೆಯಲ್ಲಿ ಮನೆಯಿಂದಲೇ ಅನುವಾದ, ವಿನ್ಯಾಸ, ದತ್ತಾಂಶ, ತರಬೇತಿ ಸಾಮಗ್ರಿ ತಯಾರಿಸುವ ಕೆಲಸ ಮಾಡಬಹುದು. ಮುಂದೆ ಹೋಗುವ ಯೋಚನೆ ಇರುವವರಿಗೂ ಇದು ಒಳ್ಳೆಯ ಪರೀಕ್ಷೆ: ಬೇರೆ ದೇಶದ ಕಚೇರಿಯವರು ಏನು ಕೇಳುತ್ತಾರೆ, ಅವರ ಗಡುವಿಗೆ ನೀವು ಕೆಲಸ ಮುಗಿಸಬಲ್ಲಿರೇ ಎಂಬುದು ಟಿಕೆಟ್ ಖರ್ಚಿಲ್ಲದೆ ಗೊತ್ತಾಗುತ್ತದೆ.

ಹೋಗಿ ಬಂದವರಿಗೆ ಕೊನೆಯದಾಗಿ ಒಂದು. ವಾಪಸಾಗಿ ತಿಂಗಳುಗಳೇ ಕಳೆದ ಮೇಲೂ ಮಲೇರಿಯಾ ಕಾಣಿಸಿಕೊಳ್ಳಬಹುದು. ಜ್ವರ ಬಂದರೆ ಡೋಲೋ ನುಂಗಿ ಮಲಗಬೇಡಿ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ, ಯಾವ ದೇಶದಲ್ಲಿ ಇದ್ದಿರಿ ಎಂಬುದನ್ನು ವೈದ್ಯರಿಗೆ ಅವರು ಕೇಳುವ ಮುಂಚೆಯೇ ಹೇಳಿ.